ಬೀದರದ ಸಂತೆ, ನಮ್ಮ ಶಾಲೆಯ ದಾಖಲಾತಿ ಪುಸ್ತಕ

"ಬಹಮನಿ ರಾಜ್ಯಕ್ಕೆ ಭೇಟಿ ನೀಡಿದ ರಷ್ಯದ ಪ್ರವಾಸಿ ಯಾರು?"

ನಮ್ಮ ಶಾಲೆಯಲ್ಲಿ ಕಲಿತ ಎಲ್ಲರಿಗೂ ಈ ಪ್ರಶ್ನೆ ನೆನಪಿರಬಹುದು. ಒಂದು ಅಂಕದ ಪ್ರಶ್ನೆ. ಉತ್ತರ: ನಿಕಿಟಿನ್. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಸಮಾಜ ವಿಜ್ಞಾನದ ಗುರುಗಳು ಕರ್ನಾಟಕಕ್ಕೆ ಬಂದ ವಿದೇಶಿ ಪ್ರವಾಸಿಗರ ಪಟ್ಟಿಯನ್ನು ಡ್ರಾಯಿಂಗ್ ಹಾಳೆಯ ಮೇಲೆ ಬರೆಸಿ ಗೋಡೆಗೆ ಅಂಟಿಸಿದ್ದರು. ಎಲ್ಲರಿಗಿಂತ ಮೇಲೆ ಹ್ಯೂಯೆನ್ ತ್ಸಾಂಗ್. ಇಮ್ಮಡಿ ಪುಲಕೇಶಿಯ ನಾಡಿಗೆ ಬಂದವನೆಂದು ಬಾದಾಮಿ ಸೀಮೆಯ ನಮಗೆ ಅವನ ಮೇಲೆ ಅಭಿಮಾನ. ಅವನ ಕೆಳಗೆ ನಿಕೊಲೊ ಕೊಂಟಿ, ಅಬ್ದುಲ್ ರಜಾಕ್, ನಿಕಿಟಿನ್, ಪಾಯಸ್, ನ್ಯೂನಿಜ್. ಒಮ್ಮೆ ನಾನು ಎದ್ದು ನಿಂತು, "ನಿಕಿಟಿನ್ ಇಲ್ಲಿಗೆ ಬಂದು ಏನ್ ಮಾಡಿದ್ನ್ರೀ ಸರ್?" ಎಂದು ಕೇಳಿದೆ. ಗುರುಗಳು ನಕ್ಕು, "ಕುದುರಿ ಮಾರಾಕ ಬಂದಿದ್ದಪಾ. ಸದ್ಯಕ್ಕ ಹೆಸರು ನೆನಪಿಟ್ಕೊ, ಮುಂದ ದೊಡ್ಡಾವಾದ ಮ್ಯಾಲೆ ಅವನ ಪುಸ್ತಕ ಓದು" ಎಂದರು.

ಆ ಮಾತನ್ನು ನಡೆಸಿಕೊಡಲು ನನಗೆ ಹದಿನೈದು ವರ್ಷಗಳ ಮೇಲೆ ಬೇಕಾಯಿತು. ಬಾಗಲಕೋಟೆಯಲ್ಲಿ ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ, 2019ರಲ್ಲಿ ಸಹೋದ್ಯೋಗಿಯೊಬ್ಬರ ಮದುವೆಗೆಂದು ಬೀದರಕ್ಕೆ ಹೋಗಿದ್ದೆ. ಮದುವೆಯ ಮರುದಿನ ಕೋಟೆ ನೋಡಿದೆ, ಮಹಮದ್ ಗವಾನನ ಮದರಸಾ ನೋಡಿದೆ. ಊರಿಗೆ ತಿರುಗುವ ದಾರಿಯಲ್ಲಿ ಗೋಡೆಯ ಮೇಲಿನ ಆ ಹಾಳೆ ನೆನಪಾಯಿತು. ಬೆಂಗಳೂರಿಗೆ ಬಂದವನೇ ನಿಕಿಟಿನ್ನನ ಬರಹವನ್ನು ಹುಡುಕಿ ಇಂಗ್ಲಿಷಿನಲ್ಲಿ ಓದಿದೆ. ಓದಿದ್ದನ್ನೂ, ಅದು ನನ್ನನ್ನು ನಮ್ಮ ಮನೆಯ ಒಂದು ಸಂಗತಿಗೆ ಹೇಗೆ ಕರೆತಂದಿತು ಎಂಬುದನ್ನೂ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ಅಫನಾಸಿ ನಿಕಿಟಿನ್ ರಷ್ಯದ ತ್ವೇರ್ ಎಂಬ ಊರಿನವನು. ವೋಲ್ಗಾ ನದಿಯ ದಂಡೆಯ ವ್ಯಾಪಾರಿ. 1460ರ ದಶಕದ ಕೊನೆಯಲ್ಲಿ ಸರಕು ತುಂಬಿಕೊಂಡು ಹೊರಟವನನ್ನು ಆಸ್ತ್ರಖಾನ್ ಹತ್ತಿರ ದರೋಡೆ ಮಾಡಿದರು. ಬರಿಗೈಯಲ್ಲಿ, ಸಾಲ ಹೊತ್ತುಕೊಂಡು ಊರಿಗೆ ಹೋಗಲಾರದೆ ಬಾಕು, ಪರ್ಶಿಯಾ ದಾಟಿ ಹೋರ್ಮುಜ್ ಬಂದರಿಗೆ ಬಂದ. ಹಿಂದೂಸ್ಥಾನದಲ್ಲಿ ಕುದುರೆಗೆ ಬಹಳ ಬೆಲೆ ಎಂದು ಕೇಳಿ ಒಂದು ಗಂಡು ಕುದುರೆಯೊಂದಿಗೆ ಹಡಗು ಹತ್ತಿದ. ಕೊಂಕಣದ ಚೌಲ್ ಬಂದರಿನಲ್ಲಿ ಇಳಿದು, ಜುನ್ನರ್ ಮೂಲಕ 1470ರ ಆಸುಪಾಸಿನಲ್ಲಿ ಬೀದರ ಮುಟ್ಟಿದ. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅವನಿಗಿಂತ ಕಾಲು ಶತಮಾನ ಮೊದಲೇ ಈ ರಷ್ಯನ್ ನಮ್ಮ ನಾಡಿನಲ್ಲಿ ತಿರುಗಾಡಿದ್ದ. ಮರಳಿ ಹೋಗುವಾಗ ತನ್ನ ಊರು ತಲುಪುವ ಮೊದಲೇ, ಸ್ಮೋಲೆನ್ಸ್ಕ್ ಹತ್ತಿರ ತೀರಿಕೊಂಡ. ಅವನ ಕೈಬರಹದ ಟಿಪ್ಪಣಿಗಳು ಮಾತ್ರ ಉಳಿದವು. 'ಮೂರು ಸಮುದ್ರಗಳಾಚೆಯ ಪ್ರಯಾಣ' ಎಂದು ಅವು ಹೆಸರಾಗಿವೆ. 1957ರಲ್ಲಿ ಭಾರತ ಮತ್ತು ಸೋವಿಯತ್ ದೇಶ ಕೂಡಿ ಅವನ ಕಥೆಯನ್ನು 'ಪರದೇಸಿ' ಎಂಬ ಸಿನಿಮಾ ಮಾಡಿದವು. ನರ್ಗಿಸ್, ಬಲರಾಜ್ ಸಾಹ್ನಿ ಅದರಲ್ಲಿದ್ದಾರೆ.

ನಿಕಿಟಿನ್ ಕಂಡ ಬೀದರ ಬಹಮನಿಗಳ ರಾಜಧಾನಿ. ಮೂರನೆಯ ಮಹಮ್ಮದ್ ಶಾ ಅವನ ಪ್ರಕಾರ ಇಪ್ಪತ್ತು ವರ್ಷದ ಸುಲ್ತಾನ. ಆಡಳಿತವೆಲ್ಲ ಮಹಮದ್ ಗವಾನನ ಕೈಯಲ್ಲಿ. ಅಮೀರರು ಬೆಳ್ಳಿಯ ಮಂಚಗಳ ಮೇಲೆ ಕುಳಿತು ಹೊರಿಸಿಕೊಂಡು ಹೋಗುತ್ತಿದ್ದರಂತೆ. ಅವರ ಮುಂದೆ ಚಿನ್ನದ ಸಜ್ಜು ಹಾಕಿದ ಕುದುರೆಗಳು, ಹಿಂದೆ ನೂರಾರು ಸವಾರರು ಮತ್ತು ಕಾಲಾಳುಗಳು, ಜೊತೆಗೆ ಕಹಳೆಯವರು. ಇಷ್ಟೆಲ್ಲ ಬರೆದವನೇ ನಾಡು ಜನಭರಿತವಾಗಿದೆ, ಆದರೆ ಹಳ್ಳಿಯ ಜನ ಬಹಳ ಬಡವರು, ಅಮೀರರು ಮಾತ್ರ ಬಲು ಶ್ರೀಮಂತರು ಎಂಬರ್ಥದ ಮಾತನ್ನೂ ಬರೆದಿದ್ದಾನೆ. ಇಂದಿನ ಕಲಬುರಗಿ ಜಿಲ್ಲೆಯ ಆಳಂದದ ಜಾತ್ರೆಯ ಬಗ್ಗೆಯೂ ಬರೆದಿದ್ದಾನೆ. ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಆ ಜಾತ್ರೆಗೆ ಇಪ್ಪತ್ತು ಸಾವಿರದಷ್ಟು ಕುದುರೆಗಳು ಬರುತ್ತಿದ್ದವಂತೆ.

ಅವನು ಕೊಟ್ಟ ಇನ್ನೊಂದು ವಿವರ ನನ್ನಂಥ ಸಾಫ್ಟ್‌ವೇರ್ ನೌಕರನಿಗೆ ಬಹಳ ಹಿಡಿಸಿತು. ಸುಲ್ತಾನನ ಅರಮನೆಗೆ ಏಳು ಬಾಗಿಲುಗಳು. ಬಾಗಿಲಲ್ಲಿ ನೂರು ಜನ ಕಾವಲುಗಾರರು, ನೂರು ಜನ ಬರಹಗಾರರು. ಒಳಗೆ ಹೋಗುವವರ ಹೆಸರನ್ನು ಕೆಲವರು ಬರೆದುಕೊಳ್ಳುತ್ತಾರೆ, ಹೊರಗೆ ಬರುವವರ ಹೆಸರನ್ನು ಕೆಲವರು. ನಮ್ಮ ಆಫೀಸಿನ ಬಾಗಿಲಲ್ಲಿ ಕಾರ್ಡ್ ತೋರಿಸಿ ಒಳಗೆ ಹೋಗುವಾಗಲೆಲ್ಲ ಈಗ ನನಗೆ ಬೀದರದ ಆ ಬರಹಗಾರರು ನೆನಪಾಗುತ್ತಾರೆ.

ಹೀಗೆ ಓದುತ್ತಾ ಹೋದವನು ಒಂದು ಸಾಲಿನ ಹತ್ತಿರ ನಿಂತೆ. ಬೀದರದ ಪೇಟೆಯಲ್ಲಿ ಏನೇನು ಸಿಗುತ್ತದೆ ಎಂದು ಅವನು ಪಟ್ಟಿ ಕೊಡುತ್ತಾನೆ. ಕುದುರೆ, ಜರತಾರಿ ಬಟ್ಟೆ, ರೇಷ್ಮೆ, ಬೇರೆ ಸರಕು. ಅದೇ ಪಟ್ಟಿಯಲ್ಲಿ, ಅದೇ ಉಸಿರಿನಲ್ಲಿ, ಅಲ್ಲಿ ಕಪ್ಪು ಜನರನ್ನೂ ಕೊಳ್ಳಬಹುದು ಎಂದು ಹೇಳಿ ಮುಂದೆ ಹೋಗುತ್ತಾನೆ. ಅವರು ಯಾವ ದೇಶದವರು, ಯಾರು ತಂದರು, ಗಂಡಸರೋ ಹೆಂಗಸರೋ, ಒಬ್ಬೊಬ್ಬರ ಬೆಲೆ ಎಷ್ಟು ಎಂಬ ಮಾತು ಆ ಸಾಲಿನಲ್ಲಿಲ್ಲ.

ಅವನ ಕುದುರೆಯ ಬಗ್ಗೆ ಮಾತ್ರ ಎಲ್ಲವೂ ಇದೆ. ಅದಕ್ಕೆ ನೂರು ರೂಬಲ್ ಖರ್ಚಾಯಿತು. ಜುನ್ನರಿನ ಅಧಿಕಾರಿ ಅಸದ್ ಖಾನ್ ಅದನ್ನು ಕಸಿದುಕೊಂಡ. ಮತ ಬದಲಿಸಿದರೆ ಕುದುರೆಯ ಜೊತೆಗೆ ಸಾವಿರ ಚಿನ್ನದ ನಾಣ್ಯ ಕೊಡುವೆನೆಂದ, ನಾಲ್ಕು ದಿನದ ಗಡುವು ಹಾಕಿದ. ಖುರಾಸಾನದ ಮಹಮ್ಮದ್ ಎಂಬ ಸಜ್ಜನನೊಬ್ಬ ನಡುವೆ ಬಂದು ಕುದುರೆಯನ್ನು ಬಿಡಿಸಿಕೊಟ್ಟ. ಕೊನೆಗೆ ಬೀದರದಲ್ಲಿ ಅದನ್ನು ಮಾರಿದ. ಆ ಒಂದು ಕುದುರೆಗೆ ಪೂರ್ಣ ಕಥೆಯಿದೆ. ಪಕ್ಕದಲ್ಲೇ ಮಾರಾಟಕ್ಕೆ ನಿಂತಿದ್ದ ಮನುಷ್ಯರಿಗೆ ಅರ್ಧ ಸಾಲು.

ಇದಕ್ಕಾಗಿ ನಿಕಿಟಿನ್ನನನ್ನು ನಾನು ಬೈಯುವುದಿಲ್ಲ. ಅವನು ಕೆಟ್ಟವನಲ್ಲ. ಹಳ್ಳಿಗರ ಬಡತನ ಅವನ ಕಣ್ಣಿಗೆ ಬಿದ್ದಿತ್ತು. ಇಲ್ಲಿಯ ಹಿಂದೂ ಜನರೊಂದಿಗೆ ಸ್ನೇಹ ಬೆಳೆಸಿ, ಅವರ ಜೊತೆ ಶ್ರೀಶೈಲದ ಜಾತ್ರೆಗೂ ಹೋಗಿಬಂದ. ಆದರೆ ಮನುಷ್ಯರನ್ನು ಮಾರುವುದು ಆ ಕಾಲದ ಪೇಟೆಯಲ್ಲಿ ಎಷ್ಟು ಸಹಜವಾಗಿತ್ತೆಂದರೆ ಅದರ ಬಗ್ಗೆ ಹೆಚ್ಚು ಬರೆಯಬೇಕೆಂದೇ ಅವನಿಗೆ ಅನ್ನಿಸಲಿಲ್ಲ.

ಹಾಗೆ ಮಾರಾಟವಾದವರಲ್ಲಿ ಕೆಲವರ ಹೆಸರು ಇತಿಹಾಸದಲ್ಲಿ ಸಿಗುತ್ತದೆ. ಆಫ್ರಿಕಾದಿಂದ ತಂದ ಗುಲಾಮರನ್ನು ದಖ್ಖನಿನಲ್ಲಿ ಹಬ್ಶಿಗಳೆಂದು ಕರೆಯುತ್ತಿದ್ದರು. ಅವರಲ್ಲಿ ಅನೇಕರು ಸೈನಿಕರಾದರು, ಕೆಲವರು ದೊಡ್ಡ ಹುದ್ದೆಗೇರಿದರು. 1481ರಲ್ಲಿ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ ಮಹಮದ್ ಗವಾನನ ತಲೆ ತೆಗೆಸಿದ. ಆ ಕೆಲಸ ಮಾಡಿದ ಗುಲಾಮನ ಹೆಸರು ಜೌಹರ್ ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಮಂತ್ರಿಯನ್ನು ಕೊಂದನೆಂಬ ಕಾರಣಕ್ಕೆ ಅವನಿಗೆ ಹೆಸರು ಸಿಕ್ಕಿತು.

ಇನ್ನೊಂದು ಹೆಸರು ನಮಗೆ ಇನ್ನೂ ಹತ್ತಿರದ್ದು. ವಿಜಾಪುರದ ಆದಿಲ್ ಶಾಹಿ ಮನೆತನವನ್ನು ಸ್ಥಾಪಿಸಿದ ಯೂಸುಫ್ ಆದಿಲ್ ಶಾನನ್ನು ಬೀದರದಲ್ಲಿ ಗವಾನ್ ಗುಲಾಮನಾಗಿ ಕೊಂಡಿದ್ದನೆಂದು ಫೆರಿಷ್ತಾ ಹೇಳುತ್ತಾನೆ. ಯೂಸುಫ್ ಮೂಲತಃ ತುರ್ಕಿಯ ರಾಜಕುಮಾರ ಎಂಬ ಅವನ ಕಥೆಯನ್ನು ಇತಿಹಾಸಕಾರರು ಅಷ್ಟಾಗಿ ನಂಬುವುದಿಲ್ಲ. ಏನೇ ಇರಲಿ, 1490ರ ಸುಮಾರಿಗೆ ಅವನು ಕಟ್ಟಿದ ರಾಜ್ಯ 1686ರವರೆಗೆ ಬಾಳಿತು. ನಮ್ಮ ಬಾದಾಮಿ, ಬಾಗಲಕೋಟೆಯ ಸೀಮೆಯೂ ಆ ರಾಜ್ಯಕ್ಕೆ ಸೇರಿತ್ತು. ಮುಂದೆ 1997ರ ಆಗಸ್ಟ್ 15ರವರೆಗೆ ನಮ್ಮದು ವಿಜಾಪುರ ಜಿಲ್ಲೆಯೇ ಆಗಿತ್ತು. ಬೀದರದ ಪೇಟೆಯಲ್ಲಿ ಮಾರಾಟವಾದನೆಂದು ಹೇಳುವ ಒಬ್ಬನ ವಂಶ ನಮ್ಮ ಊರುಗಳನ್ನು ಆಳಿತು. ಆದರೆ ಸಿಂಹಾಸನದವರೆಗೆ ಹೋದವರು ಬೆರಳೆಣಿಕೆಯವರು. ಉಳಿದವರು ನೀರು ಹೊತ್ತು, ಲಾಯ ಗುಡಿಸಿ, ಯುದ್ಧದಲ್ಲಿ ಸತ್ತು ಹೋದರು. ಆಫ್ರಿಕಾ ಮೂಲದ ಸಿದ್ದಿ ಬಂಧುಗಳು ಇಂದಿಗೂ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಇದ್ದಾರೆ, ಕನ್ನಡವನ್ನೂ ಕೊಂಕಣಿಯನ್ನೂ ಆಡುತ್ತಾರೆ. ಅವರ ಪೂರ್ವಿಕರಲ್ಲಿ ಬಹಳ ಜನ ಪೋರ್ಚುಗೀಸರು ಗೋವೆಗೆ ತಂದ ಗುಲಾಮರು. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

ಓದುಗರಲ್ಲಿ ಒಂದು ವಿನಂತಿ. ಇದನ್ನು ಒಂದು ಧರ್ಮದ ಅಥವಾ ಒಂದು ರಾಜಮನೆತನದ ತಪ್ಪೆಂದು ತಿಳಿಯಬಾರದು. ಬಹಮನಿಗಳಿಗಿಂತ ಸುಮಾರು ಎರಡು ಶತಮಾನ ಮೊದಲೇ ನಮ್ಮ ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ವಿದ್ಯೆ ಕಲಿತ ಬಸವಣ್ಣನವರು ಒಂದು ವಚನದಲ್ಲಿ ತಮ್ಮನ್ನು ಶರಣರ ಮನೆಯ ದಾಸನ ಮಗನಿಗೂ ದಾಸಿಯ ಮಗಳಿಗೂ ಹುಟ್ಟಿದ ಮಗನೆಂದು ಕರೆದುಕೊಂಡಿದ್ದಾರೆ. ದಾಸ, ದಾಸಿ, ತೊತ್ತು ಎಂಬ ಮಾತುಗಳು ಆಗಲೇ ಮನೆಮಾತಾಗಿದ್ದವು. ಮಂತ್ರಿಯಾದವರು ತಮ್ಮನ್ನು ದಾಸ ದಾಸಿಯರ ವಂಶದವನೆಂದುಕೊಂಡದ್ದು ಆ ಕಾಲಕ್ಕೆ ಎಂಥ ದೊಡ್ಡ ಮಾತೆಂಬುದು ನಿಕಿಟಿನ್ನನ ಸಾಲನ್ನು ಓದಿದ ಮೇಲೆಯೇ ನನಗೆ ತಿಳಿಯಿತು.

ನಿಕಿಟಿನ್ನನಂತೆ ಅರ್ಧ ಸಾಲು ಬರೆದು ಮುಂದೆ ಹೋಗದ ಪ್ರವಾಸಿಗಳೂ ಇದ್ದಾರೆ. ಇಂಗ್ಲೆಂಡಿನ ಪ್ರಸಿದ್ಧ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1842ರಲ್ಲಿ ಅಮೆರಿಕಾಕ್ಕೆ ಹೋದಾಗ ವರ್ಜೀನಿಯಾದ ರಿಚ್ಮಂಡ್ ನಗರಕ್ಕೆ ಭೇಟಿ ಕೊಟ್ಟ. ಗುಲಾಮರೇ ದುಡಿಯುವ ತಂಬಾಕಿನ ಕಾರ್ಖಾನೆ ನೋಡಿದ. ಅಲ್ಲಿಯ ಒಂದು ಸೇತುವೆಯ ಮೇಲೆ ಗಾಡಿ ನಿಧಾನವಾಗಿ ಹೊಡೆಯಬೇಕೆಂಬ ಫಲಕವಿತ್ತು. ತಪ್ಪಿದವನು ಬಿಳಿಯನಾದರೆ ಐದು ಡಾಲರ್ ದಂಡ, ಕರಿಯನಾದರೆ ಹದಿನೈದು ಛಡಿಯೇಟು. ಇನ್ನೂ ದಕ್ಷಿಣಕ್ಕೆ ಹೋಗಬೇಕೆಂದಿದ್ದ ಡಿಕನ್ಸ್ ಅಲ್ಲಿಂದಲೇ ಹಿಂದಿರುಗಿದ. ತನ್ನ ಪ್ರವಾಸ ಕಥನದಲ್ಲಿ ಗುಲಾಮಗಿರಿಗೆ ಒಂದು ಅಧ್ಯಾಯವನ್ನೇ ಕೊಟ್ಟ. ಓಡಿಹೋದ ಗುಲಾಮರನ್ನು ಹುಡುಕಿಕೊಡಿರೆಂದು ಮಾಲೀಕರು ಪತ್ರಿಕೆಗೆ ಕೊಟ್ಟ ಜಾಹೀರಾತುಗಳನ್ನು, ಅವರ ಹೆಸರು ಮತ್ತು ಮೈಮೇಲಿನ ಗಾಯದ ಗುರುತುಗಳ ಸಮೇತ, ಅದರಲ್ಲಿ ಸೇರಿಸಿದ. ಮರುವರ್ಷವೇ, 1843ರ ಐದನೆಯ ಕಾಯ್ದೆಯಿಂದ, ಕಂಪನಿ ಸರ್ಕಾರದ ಭಾರತದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಸ್ವತ್ತು ಎಂಬ ಹಕ್ಕನ್ನು ಕೋರ್ಟುಗಳು ಒಪ್ಪದಂತಾಯಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ನಮ್ಮ ಗೋಡೆಯ ಪಟ್ಟಿಯಲ್ಲಿ ಇನ್ನೊಬ್ಬನಿದ್ದ. ವಿಜಯನಗರ ನೋಡಿದ ವೆನಿಸ್ಸಿನ ನಿಕೊಲೊ ಕೊಂಟಿ. ಅವನ ಮಾತನ್ನೂ ನಿಕಿಟಿನ್ನನ ಬರಹವನ್ನೂ 1857ರಲ್ಲಿ ಲಂಡನ್ನಿನಲ್ಲಿ ಒಂದೇ ಪುಸ್ತಕದಲ್ಲಿ ಅಚ್ಚು ಹಾಕಿದ್ದಾರೆ. ಈ ದೇಶದಲ್ಲಿ ಗುಲಾಮರು ಬಹಳ, ಸಾಲ ತೀರಿಸಲಾರದವನು ಸಾಲ ಕೊಟ್ಟವನ ಸ್ವತ್ತಾಗುತ್ತಾನೆ ಎಂದು ಕೊಂಟಿ ಹೇಳಿದ್ದಾನೆ. ರಜೆಗೆ ಊರಿಗೆ ಬಂದಾಗ ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಅಜ್ಜನೂ ಹಂಗ ಇದ್ನಪಾ" ಎಂದರು.

ನನಗೆ ಮೂವತ್ತು ದಾಟಿತ್ತು. ಆವರೆಗೂ ಮನೆಯಲ್ಲಿ ಯಾರೂ ಇದನ್ನು ನನಗೆ ಹೇಳಿರಲಿಲ್ಲ.

1968ರಲ್ಲಿ ನಮ್ಮ ಅತ್ತೆಯ ಮದುವೆಗೆಂದು ಅಜ್ಜ ಊರಿನ ಸಾಹುಕಾರರೊಬ್ಬರ ಹತ್ತಿರ ಮುನ್ನೂರು ರೂಪಾಯಿ ತಂದಿದ್ದ. ಸಾಲ ತೀರುವವರೆಗೆ ಅವರ ಮನೆಯಲ್ಲಿ ದುಡಿಯಬೇಕು. ಎತ್ತಿಗೆ ಮೇವು, ಹೊಲದ ಕೆಲಸ, ರಾತ್ರಿ ಕಣದ ಕಾವಲು. ವರ್ಷಕ್ಕೆ ಎರಡು ಜೊತೆ ಬಟ್ಟೆ, ಒಂದು ಕಂಬಳಿ, ಇಷ್ಟು ಚೀಲ ಜೋಳ. ಅಜ್ಜನಿಗೆ ಓದು ಬರಹ ಇರಲಿಲ್ಲ, ಲೆಕ್ಕ ಸಾಹುಕಾರರ ಪುಸ್ತಕದಲ್ಲಿತ್ತು. 1972ರ ಬರದಲ್ಲಿ ಕೊಟ್ಟ ಜೋಳವೂ ಆ ಲೆಕ್ಕಕ್ಕೆ ಸೇರಿತು. ಎಂಟು ವರ್ಷ ದುಡಿದ ಮೇಲೆ ಕೇಳಿದರೆ ಸಾಲ ಮುನ್ನೂರಕ್ಕಿಂತ ಹೆಚ್ಚಾಗಿತ್ತು. ನಮ್ಮ ಊರಲ್ಲಿ ಇದಕ್ಕೆ ಜೀತ ಎಂದೂ ಅನ್ನುತ್ತಿರಲಿಲ್ಲ. "ಸಾಹುಕಾರ್ರ ಮನ್ಯಾಗ ಅದಾನ" ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು.

ಅಪ್ಪ ಏಳನೆಯ ತರಗತಿ ಪಾಸಾದದ್ದು 1976ರಲ್ಲಿ. ಹುಡುಗನೂ ದನ ಕಾಯಲು ಬರಲಿ, ಸಾಲ ಬೇಗ ಹರಿಯುತ್ತದೆ ಎಂದು ಹೇಳಿಕಳಿಸಿದರು. ಅಜ್ಜ ಒಪ್ಪಿಕೊಂಡೂ ಬಂದಿದ್ದ. ನಮ್ಮ ಪ್ರೌಢಶಾಲೆ ಆಗ ಎರಡು ವರ್ಷದ ಕೂಸು. ಅಂದಿನ ಮುಖ್ಯ ಗುರುಗಳು ಮಕ್ಕಳನ್ನು ಸೇರಿಸಿಕೊಳ್ಳಲು ಓಣಿ ಓಣಿ ತಿರುಗುತ್ತಿದ್ದರು. ನಮ್ಮ ಮನೆಗೂ ಬಂದರು. ಸಂಗತಿ ಕೇಳಿದ ಮೇಲೆ ಮರುದಿನ ಪತ್ರಿಕೆ ಹಿಡಿದುಕೊಂಡು ಮತ್ತೆ ಬಂದರು. ಜೀತ ಪದ್ಧತಿಯನ್ನು ರದ್ದು ಮಾಡಿ 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂದು, 1976ರಲ್ಲಿ ಅದು ಕಾಯ್ದೆಯಾಗಿತ್ತು. ಆ ಕಾಯ್ದೆಯ ಪ್ರಕಾರ ಜೀತದ ಸಾಲ ಸಾಲವೇ ಅಲ್ಲ, ಅದನ್ನು ತೀರಿಸಬೇಕಾಗಿಲ್ಲ. ಬಲವಂತವಾಗಿ ಜೀತ ಮಾಡಿಸಿಕೊಂಡರೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ. ಗುರುಗಳು ಇದನ್ನು ಅಜ್ಜನಿಗೆ ಓದಿ ಹೇಳಿದರು. ಆಮೇಲೆ ಸಾಹುಕಾರರ ಮನೆಗೂ ಒಬ್ಬರೇ ಹೋಗಿ ಮಾತಾಡಿದರು. ಜಗಳವಾಗಲಿಲ್ಲ, ಪೊಲೀಸರು ಬರಲಿಲ್ಲ. ಅಜ್ಜ ಮುಂದೆಯೂ ಅದೇ ಹೊಲದಲ್ಲಿ ದುಡಿದ, ಆದರೆ ದಿನಗೂಲಿಗೆ. ಸಂಜೆಗೆ ಕೈಗೆ ರೊಕ್ಕ ಬರುತ್ತಿತ್ತು. ಬೇಡವೆನಿಸಿದ ದಿನ ಬೇರೆಯವರ ಹೊಲಕ್ಕೆ ಹೋಗುತ್ತಿದ್ದ.

ಈ ಲೇಖನಕ್ಕಾಗಿ ಈಗಿನ ಮುಖ್ಯ ಗುರುಗಳ ಅನುಮತಿ ಪಡೆದು ನಾನು ಶಾಲೆಯ ಹಳೆಯ ದಾಖಲಾತಿ ಪುಸ್ತಕ ನೋಡಿದೆ. ಹಾಳೆಯ ಅಂಚು ಗೆದ್ದಲು ತಿಂದಿದೆ. 1976ರ ಪುಟದಲ್ಲಿ ಅಪ್ಪನ ಹೆಸರಿದೆ, ಪಕ್ಕದಲ್ಲಿ ಅಜ್ಜನ ಹೆಸರಿದೆ. ತಂದೆಯ ಉದ್ಯೋಗ ಎಂಬಲ್ಲಿ 'ಕೂಲಿ' ಎಂದಿದೆ. ಅಪ್ಪನಿಗೆ ಆ ದಿನ ಚೆನ್ನಾಗಿ ನೆನಪಿದೆ. ಏನು ಉದ್ಯೋಗ ಎಂದು ಗುರುಗಳು ಕೇಳಿದಾಗ ಅಜ್ಜ, "ಸಾಹುಕಾರ್ರ ಮನ್ಯಾಗ ಅದೇನ್ರಿ" ಎಂದನಂತೆ. ಗುರುಗಳು ತಲೆಯೆತ್ತಿ, "ಈಗ ಇಲ್ಲ. ಕೂಲಿ ಅಂತ ಬರಿತೀನಿ. ಕೂಲಿ ಅಂದ್ರ ದುಡಿದದ್ದಕ್ಕ ರೊಕ್ಕ ತಗೋಳಾಂವ" ಎಂದು ಹೇಳಿ ಬರೆದುಕೊಂಡರಂತೆ. ಸರ್ಕಾರದ ಕಾಗದದಲ್ಲಿ ಅಜ್ಜನ ಹೆಸರು ಬಂದದ್ದು ಅದೇ ಮೊದಲಿರಬೇಕು ಎನ್ನುತ್ತಾರೆ ಅಪ್ಪ.

ಅಪ್ಪ ಎಸ್.ಎಸ್.ಎಲ್.ಸಿ. ದಾಟಲಿಲ್ಲ. ಗಣಿತ ಕೈಕೊಟ್ಟಿತು. ಆದರೂ ಓದು ಬರಹ ಬಲ್ಲವರೆಂದು ಇಳಕಲ್ಲಿನ ಗ್ರಾನೈಟ್ ಕ್ವಾರಿಯೊಂದರಲ್ಲಿ ಲಾರಿಗಳ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಆ ಸಂಬಳದಲ್ಲಿ ನಾನು ಬಿ.ಇ. ಓದಿದೆ. ನಾನು ಮೊದಲು ಸೇರಿದ ಕಂಪನಿಯಲ್ಲಿ ಎರಡು ವರ್ಷದ ಬಾಂಡ್ ಬರೆಸಿಕೊಂಡು, ಅಂಕಪಟ್ಟಿಯ ಮೂಲ ಪ್ರತಿಗಳನ್ನು ಇಟ್ಟುಕೊಂಡಿದ್ದರು. ಆಗ ಗೆಳೆಯರೆಲ್ಲ ಕೂಡಿ "ನಾವೂ ಜೀತದಾಳುಗಳೇ" ಎಂದು ನಗುತ್ತಿದ್ದೆವು. ಅಜ್ಜನ ಸಂಗತಿ ತಿಳಿದ ಮೇಲೆ ಆ ಮಾತನ್ನು ನಾನು ಆಡುವುದಿಲ್ಲ. ನನ್ನ ಬಾಂಡನ್ನು ಓದಿ ನಾನೇ ಸಹಿ ಮಾಡಿದ್ದೆ, ಅದು ಮುಗಿಯುವ ತಾರೀಕು ನನಗೆ ಗೊತ್ತಿತ್ತು. ಅಜ್ಜನ ಲೆಕ್ಕಕ್ಕೆ ಕೊನೆಯ ತಾರೀಕೇ ಇರಲಿಲ್ಲ.

ಇದನ್ನು ಬರೆಯುವುದು ಅಪ್ಪನಿಗೆ ಮೊದಲು ಇಷ್ಟವಿರಲಿಲ್ಲ. "ಊರಾಗ ಒಬ್ರ ಮುಖ ಒಬ್ರು ನೋಡಬೇಕು, ಯಾಕ ಬರಿತಿ?" ಎಂದರು. ಅವರ ಮಾತು ಸರಿಯೇ. ಆ ಸಾಹುಕಾರರ ಮೊಮ್ಮಗ ನನ್ನ ಜೊತೆ ಇದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕುಳಿತು ಕಲಿತವನು. ಇಂದಿಗೂ ಗೆಳೆಯ. ಹೆಸರು ಹಾಕುವುದಿಲ್ಲ ಎಂಬ ಮಾತಿನ ಮೇಲೆ ಅಪ್ಪ ಒಪ್ಪಿದರು. ಅಚ್ಚಿಗೆ ಕೊಡುವ ಮೊದಲು ಆ ಗೆಳೆಯನಿಗೂ ಇದನ್ನು ಓದಲು ಕೊಟ್ಟೆ. ಎರಡು ದಿನ ಬಿಟ್ಟು ಫೋನ್ ಮಾಡಿ, "ನಮ್ಮ ಮನ್ಯಾಗೂ ಯಾರೂ ಹೇಳಿರಲಿಲ್ಲೋ. ಹಾಕು" ಎಂದಷ್ಟೇ ಹೇಳಿದ. ಅವನಿಗೆ ನಾನು ಋಣಿ.

ಬೀದರದ ಅರಮನೆಯ ಬಾಗಿಲಲ್ಲಿ ನೂರು ಜನ ಬರಹಗಾರರು ಕುಳಿತಿದ್ದರು. ಪೇಟೆಯಲ್ಲಿ ಮಾರಾಟವಾದವರ ಹೆಸರು ಕೇಳಲು ಅಲ್ಲಿ ಯಾರೂ ಇರಲಿಲ್ಲ. ನಮ್ಮ ಶಾಲೆಯಲ್ಲಿ ಒಬ್ಬ ಗುರುಗಳು ಪೆನ್ನು ಹಿಡಿದು ಕುಳಿತು, ಬಂದ ಎಲ್ಲರ ಹೆಸರನ್ನೂ ಕೇಳಿ ಬರೆದುಕೊಂಡರು. ಐವತ್ತು ವರ್ಷಗಳಲ್ಲಿ ಈ ಶಾಲೆ ಎಷ್ಟು ಇಂಜಿನಿಯರರನ್ನು, ಎಷ್ಟು ಶಿಕ್ಷಕರನ್ನು ಕೊಟ್ಟಿತು ಎಂದು ವೇದಿಕೆಯ ಮೇಲೆ ಹೇಳುತ್ತೇವೆ. ಅದರ ಜೊತೆಗೆ ಈ ಬರೆದುಕೊಂಡ ಕೆಲಸವನ್ನೂ ನೆನೆಯಬೇಕೆಂದು ನನ್ನ ಆಸೆ.

ಕೊನೆಯದಾಗಿ ಎರಡು ವಿನಂತಿ. 1974ರಿಂದ ಇರುವ ದಾಖಲಾತಿ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಸ್ಕ್ಯಾನ್ ಮಾಡಿ ಇಡೋಣ. ಆ ಕೆಲಸವನ್ನು ನಾನು ಮಾಡಿಕೊಡುತ್ತೇನೆ, ಬಾಗಲಕೋಟೆ ಮತ್ತು ಇಳಕಲ್ಲಿನಲ್ಲಿರುವ ಹಳೆಯ ವಿದ್ಯಾರ್ಥಿ ಮಿತ್ರರು ಕೈಜೋಡಿಸಬೇಕು. ಎರಡನೆಯದು, ಊರಿನ ಹಿರಿಯರು ತಮ್ಮ ಕಾಲದ ದುಡಿಮೆ, ಸಾಲ, ಬರಗಾಲದ ಸಂಗತಿಗಳನ್ನು ಮೊಮ್ಮಕ್ಕಳ ಮುಂದೆ ಹೇಳಬೇಕು. ನಮ್ಮ ಶಾಲೆಯ ಮಕ್ಕಳು ಅದನ್ನು ಬರೆದುಕೊಳ್ಳಲಿ.

ಅಂದು ಅಪ್ಪನನ್ನು ಶಾಲೆಗೆ ಸೇರಿಸಿಕೊಂಡ ಗುರುಗಳಿಗೂ, ಪುಸ್ತಕ ಓದು ಎಂದು ಹೇಳಿದ ನನ್ನ ಗುರುಗಳಿಗೂ ಈ ಲೇಖನದ ಮೂಲಕ ನಮಸ್ಕರಿಸುತ್ತೇನೆ.